ಬಿಳಿ ಮಚ್ಚೆಯ ಮುಂದೆ ಮೂರು ತಿಂಗಳು



ಮಿದುಳಿನಲ್ಲಿ ಗಡ್ಡೆ ಎಂದು ಗೊತ್ತಾದ ದಿನದಿಂದ ಮನೆಯವರ ಗಮನವೆಲ್ಲ ಆಪರೇಷನ್ನಿನ ಮೇಲೆ. ಆಪರೇಷನ್ ಆಯಿತು, ಆರು ವಾರ ತಲೆಗೆ ಕರೆಂಟ್, ಅಂದರೆ ವಿಕಿರಣ, ಕೊಟ್ಟದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಸದ್ಯ ಒಂದು ಘಟ್ಟ ದಾಟಿದೆವು ಎಂದು ಉಸಿರು ಬಿಡುವ ಹೊತ್ತಿಗೆ ಡಾಕ್ಟರು ಚೀಟಿ ಬರೆದುಕೊಡುತ್ತಾರೆ: ಎಂಆರ್‌ಐ ಮಾಡಿಸಿಕೊಂಡು ಬನ್ನಿ. ಇವತ್ತಿನ ನನ್ನ ಮಾತು ಆ ಚೀಟಿಯಿಂದ ಆಚೆಗಿನದು. ಗಡ್ಡೆ ಇದೆಯೇ ಇಲ್ಲವೇ ಎಂದು ಮೊದಲ ಸಲ ಹೇಳುವುದು ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಚಿಕಿತ್ಸೆ ಆದ ಮೇಲೆ ಅದು ಒಳಗೆ ಏನು ಮಾಡುತ್ತಿದೆ ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡಿಕೊಳ್ಳುತ್ತಾ ಹೋಗುವುದಿದೆಯಲ್ಲ, ಕಷ್ಟವೆಲ್ಲ ಅಲ್ಲಿದೆ. ನಮ್ಮಂಥ ರೇಡಿಯಾಲಜಿಯವರು ವರದಿ ಬರೆಯಲು ಕೂತಾಗ ಪೆನ್ನು ನಿಲ್ಲುವುದೂ ಅಲ್ಲೇ.

ಮಿದುಳಿನ ಗಡ್ಡೆಗಳಲ್ಲಿ ನೂರು ಬಗೆ. ಎಲ್ಲವನ್ನೂ ಹೇಳಹೊರಟರೆ ಯಾವುದೂ ಮುಗಿಯುವುದಿಲ್ಲ. ಹಾಗಾಗಿ ಹೆಚ್ಚು ಹೊತ್ತು ಗ್ಲಿಯೋಬ್ಲಾಸ್ಟೋಮಾ ಎಂಬ ಒಂದನ್ನೇ ಹಿಡಿದುಕೊಳ್ಳುತ್ತೇನೆ. ದೊಡ್ಡವರಲ್ಲಿ, ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳ ಪೈಕಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಇದು. ಹಟಮಾರಿತನದಲ್ಲೂ ಇದೇ ಮುಂದು. ಈಗ ಇದಕ್ಕೆ ಕೊಡುವ ಚಿಕಿತ್ಸೆಯ ಕ್ರಮ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಬಂತು. ರೋಜರ್ ಸ್ಟುಪ್ ಎಂಬ ವೈದ್ಯರ ಮುಂದಾಳುತನದಲ್ಲಿ ಯೂರೋಪು ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ಅದನ್ನು ನಡೆಸಿದವು. ಸಾಧ್ಯವಾದಷ್ಟು ಗಡ್ಡೆಯನ್ನು ತೆಗೆದು, ಆರು ವಾರಗಳಲ್ಲಿ 30 ಕಂತುಗಳಾಗಿ ಒಟ್ಟು 60 ಗ್ರೇ ವಿಕಿರಣ ಕೊಡುವುದು. ಅದರ ಜೊತೆಗೆ ದಿನವೂ ಟೆಮೊಜೊಲೊಮೈಡ್ ಮಾತ್ರೆ. ಬಳಿಕ 28 ದಿನಕ್ಕೊಮ್ಮೆ ಐದೈದು ದಿನದಂತೆ ಆರು ಸುತ್ತು ಅದೇ ಮಾತ್ರೆ. ಬರೀ ವಿಕಿರಣ ಪಡೆದವರಲ್ಲಿ ಎರಡು ವರ್ಷ ದಾಟಿದವರು 100ಕ್ಕೆ 10 ಮಂದಿ ಇದ್ದರು, ಮಾತ್ರೆಯೂ ಸೇರಿದಾಗ 26 ಆದರು. ಸಣ್ಣ ಲಾಭ ಅನ್ನಿಸಬಹುದು. ಆದರೆ ಅದಕ್ಕೂ ಮೊದಲು ದಶಕಗಳ ಕಾಲ ಈ ಗಡ್ಡೆಯ ಮುಂದೆ ಹೇಳಿಕೊಳ್ಳುವಂಥ ಲಾಭವೇ ಆಗಿರಲಿಲ್ಲ.

ಈ ಮಾತ್ರೆ ಬಳಕೆಗೆ ಬಂದ ಮೇಲೆ ಒಂದು ವಿಚಿತ್ರ ಹೆಚ್ಚಾಗಿ ಕಣ್ಣಿಗೆ ಬೀಳತೊಡಗಿತು. ವಿಕಿರಣ ಮುಗಿದು ತಿಂಗಳಾದ ಮೇಲೆ ತೆಗೆದ ಎಂಆರ್‌ಐನಲ್ಲಿ, ಗಡ್ಡೆ ತೆಗೆದ ಜಾಗದ ಸುತ್ತ ಬಿಳಿಯ ಮಚ್ಚೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಸುತ್ತ ಊತವೂ ಹೆಚ್ಚಿರುತ್ತದೆ. ಗಡ್ಡೆ ಮತ್ತೆ ಬೆಳೆದಿದೆ ಎಂದು ಯಾರಾದರೂ ಹೇಳಿಬಿಡುವಂಥ ಚಿತ್ರ. ಆದರೆ ಚಿಕಿತ್ಸೆಯಲ್ಲಿ ಏನನ್ನೂ ಬದಲಿಸದೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರೆ, ಕೆಲವರಲ್ಲಿ ಆ ಮಚ್ಚೆ ತಾನಾಗಿ ಕುಗ್ಗಿರುತ್ತದೆ. ಬೆಳೆದದ್ದು ಗಡ್ಡೆಯೇ ಆಗಿರಲಿಲ್ಲ. ಇದನ್ನು ವೈದ್ಯರು ಸ್ಯೂಡೋಪ್ರೋಗ್ರೆಷನ್ ಎನ್ನುತ್ತಾರೆ, ಹುಸಿ ಬೆಳವಣಿಗೆ ಅನ್ನೋಣ. ವಿಕಿರಣ ಮತ್ತು ಮಾತ್ರೆ ಎರಡನ್ನೂ ಪಡೆದ 100 ಮಂದಿಯಲ್ಲಿ ಸುಮಾರು 20ರಿಂದ 30 ಮಂದಿಗೆ ಹೀಗಾಗುತ್ತದೆ. ಉಳಿದವರಲ್ಲಿ ಮಚ್ಚೆ ದೊಡ್ಡದಾದರೆ? ಅದು ನಿಜವಾದ ಗಡ್ಡೆಯೇ ಇರಬಹುದು. ಮೊದಲ ದಿನದ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನಮ್ಮ ಕೋಣೆಯ ಬಾಗಿಲಲ್ಲಿ ಈ ಮಾತುಕತೆ ಬೇರೆ ಬೇರೆ ಬಾಯಿಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಅಪ್ಪನನ್ನು ಕರೆದುಕೊಂಡು ಬಂದ ಮಗಳು ಕೇಳುತ್ತಾಳೆ: "ಸಾರ್, ಅಪ್ಪಾಜಿಗೆ ಮತ್ತೆ ಬಂದಿದ್ಯಾ?"

"ಈಗ್ಲೇ ಹೇಳಕ್ಕಾಗಲ್ಲಮ್ಮ. ಎಂಟು ವಾರ ಬಿಟ್ಟು ಇನ್ನೊಂದ್ಸಲ ತೆಗೀಬೇಕು."

"ಇಷ್ಟು ದೊಡ್ಡ ಮಿಷಿನ್ನಿಗೂ ಗೊತ್ತಾಗಲ್ವಾ ಸಾರ್?"

ಕೇಳಬೇಕಾದ ಪ್ರಶ್ನೆಯೇ. ಆ ಮಿಷಿನ್ನಿಗೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ, ಗೊತ್ತಾಗದ್ದನ್ನು ತಿಳಿಯಲು ಈಗ ಏನೇನು ಉಪಾಯಗಳಿವೆ ಎಂದು ಹೇಳುವುದೇ ಈ ಹೊತ್ತಿನ ನನ್ನ ಕೆಲಸ.

ನೂರು ವರ್ಷದ ಹಿಂದೆ ಬದುಕಿರುವವರ ಮಿದುಳಿನ ಒಳಗನ್ನು ನೋಡುವ ದಾರಿಯೇ ಇರಲಿಲ್ಲ. ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. 1918ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ನರು ತಲೆಬುರುಡೆಗೆ ತೂತು ಕೊರೆದು, ಮಿದುಳಿನ ಒಳಗಿನ ಕುಹರಗಳ ನೀರನ್ನು ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆದರು. ಕುಹರ ಎತ್ತ ಸರಿದಿದೆ ಎಂದು ನೋಡಿ, ಅದನ್ನು ಒತ್ತುತ್ತಿರುವ ಗಡ್ಡೆ ಎಲ್ಲಿದೆ ಎಂದು ಊಹಿಸುವುದು ಆ ವಿಧಾನ. ರೋಗಿಗೆ ಆಮೇಲೆ ಬರುತ್ತಿದ್ದ ತಲೆನೋವು, ವಾಂತಿ ಹೇಳತೀರದು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಅವರು ಕುತ್ತಿಗೆಯ ರಕ್ತನಾಳಕ್ಕೆ ಔಷಧ ಚುಚ್ಚಿ ಮಿದುಳಿನ ನಾಳಗಳ ಚಿತ್ರ ತೆಗೆದರು. ಅಲ್ಲಿಯೂ ಗಡ್ಡೆಯ ನೇರ ದರ್ಶನವಿಲ್ಲ, ಪಕ್ಕಕ್ಕೆ ಸರಿದ ನಾಳಗಳನ್ನು ನೋಡಿ ತೀರ್ಮಾನ.

ನೇರ ದರ್ಶನ ಸಿಕ್ಕಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಕಡೆಯ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಮಿದುಳಿನ ಮುಂಭಾಗದಲ್ಲಿ ಗಡ್ಡೆಯಿದೆ ಎಂಬ ಶಂಕೆಯಿದ್ದ ಒಬ್ಬ ಹೆಂಗಸಿಗೆ ಜಗತ್ತಿನ ಮೊದಲ ಸಿಟಿ ಸ್ಕ್ಯಾನ್ ಆಯಿತು. ಯಂತ್ರ ಕಟ್ಟಿದವರು ಗಾಡ್‌ಫ್ರೀ ಹೌನ್ಸ್‌ಫೀಲ್ಡ್, ಜೊತೆಗಿದ್ದ ವೈದ್ಯರು ಜೇಮ್ಸ್ ಆಂಬ್ರೋಸ್. ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದ ಕಂಪನಿ ಇಎಂಐ. ರೇಡಿಯೋ ಕೇಳುಗರಿಗೆ ಈ ಹೆಸರು ಹೊಸದಲ್ಲ. ನಾಯಿ ಕೂತು ಹಾಡು ಕೇಳುವ ಚಿತ್ರದ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳು ಅದೇ ಮನೆತನದವು. ಆ ಮೊದಲ ಚಿತ್ರ ಅಡ್ಡಕ್ಕೆ 80, ಉದ್ದಕ್ಕೆ 80 ಚುಕ್ಕಿಗಳ ಒರಟು ಚಿತ್ರ. ಆದರೂ ಗಡ್ಡೆ ಕಂಡಿತು. ಇದಕ್ಕಾಗಿ 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೂ ಅಲನ್ ಕಾರ್ಮ್ಯಾಕ್ ಎಂಬ ವಿಜ್ಞಾನಿಗೂ ನೊಬೆಲ್ ಬಂತು. ಅಷ್ಟರಲ್ಲೇ ಎಂಆರ್‌ಐ ಕಣ್ಣು ಬಿಡುತ್ತಿತ್ತು. ಅದಕ್ಕಾಗಿ ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಸಿಕ್ಕಿದ್ದು 2003ರಲ್ಲಿ.

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿದವರ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳಿಗೆ ರೇಡಿಯೋ ತರಂಗ ಕಳಿಸಿ, ಅವು ಮರಳಿ ಕೊಡುವ ದನಿಯನ್ನು ಹಿಡಿಯುವುದು. 1.5 ಟೆಸ್ಲಾ ಬಲದ ಅಯಸ್ಕಾಂತದ ಯಂತ್ರ ಬಳಸುವ ತರಂಗ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದ್ದು ಸುಮಾರು 128. ನೀವು ಕೇಳುವ ಎಫ್‌ಎಂ ವಾಹಿನಿಗಳು 88ರಿಂದ 108ರ ನಡುವೆ ಇವೆ. ಅಂದರೆ ನಾವೂ ಅವರೂ ಒಂದೇ ಓಣಿಯವರು. ಹೊರಗಿನ ಪ್ರಸಾರ ಒಳಗೆ ನುಗ್ಗಿ ಚಿತ್ರ ಕೆಡಿಸಬಾರದೆಂದು ಎಂಆರ್‌ಐ ಕೋಣೆಯ ಗೋಡೆಗೆಲ್ಲ ತಾಮ್ರದ ತಗಡು ಹೊದಿಸಿರುತ್ತಾರೆ.

ಈಗ ಬಿಳಿ ಮಚ್ಚೆಗೆ ಬರೋಣ. ಸ್ಕ್ಯಾನ್ ನಡುವೆ ಕೈಯ ನರಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದು ಗ್ಯಾಡೋಲಿನಿಯಂ ಎಂಬ ಲೋಹವನ್ನು ಇನ್ನೊಂದು ಅಣುವಿನೊಳಗೆ ಬಿಗಿಯಾಗಿ ಕಟ್ಟಿಟ್ಟ ಔಷಧ. 1988ರಿಂದ ಬಳಕೆಯಲ್ಲಿದೆ. ಮಿದುಳಿನ ರಕ್ತನಾಳಗಳಿಗೆ ಮೈಯ ಬೇರೆ ಹೆಚ್ಚಿನ ಕಡೆ ಇಲ್ಲದ ಒಂದು ಬಂದೋಬಸ್ತು ಇದೆ. ನಾಳದ ಗೋಡೆಯ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು, ರಕ್ತದಲ್ಲಿರುವ ಕಂಡಕಂಡದ್ದನ್ನು ಮಿದುಳಿಗೆ ಬಿಡದಂತೆ ತಡೆಯುತ್ತವೆ. ಗ್ಯಾಡೋಲಿನಿಯಂ ಕೂಡ ಆ ಗೋಡೆ ದಾಟಲಾರದು. ಗ್ಲಿಯೋಬ್ಲಾಸ್ಟೋಮಾ ಬೆಳೆಯುವಾಗ ಅವಸರಕ್ಕೆ ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ, ಅವುಗಳ ಗೋಡೆ ಗಟ್ಟಿಯಿರುವುದಿಲ್ಲ. ಔಷಧ ಅಲ್ಲಿ ಹೊರಗೆ ಜಿನುಗುತ್ತದೆ, ಜಿನುಗಿದ ಕಡೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಾವು ಗಡ್ಡೆ ಎಂದು ಬೆರಳಿಟ್ಟು ತೋರಿಸುವ ಬಿಳುಪು ಅಸಲಿಗೆ ಗೋಡೆ ಸೋರುತ್ತಿರುವ ಜಾಗ.

ಭತ್ತದ ಗದ್ದೆಯ ಬದುವಿನ ಕೆಳಗೆ ಬೆಳಿಗ್ಗೆ ಹೋಗಿ ನೋಡಿದಾಗ ನೆಲ ಒದ್ದೆಯಾಗಿರುತ್ತದೆ. ಬದು ಸೋರಿದೆ ಎಂಬುದು ಖಾತ್ರಿ. ಸೋರಿದ್ದು ಏಡಿ ಬಿಲ ತೋಡಿದ್ದರಿಂದಲೋ, ಮೊನ್ನೆ ಹಾಕಿದ ಹೊಸ ಮಣ್ಣು ಇನ್ನೂ ಕೂತಿಲ್ಲದ್ದರಿಂದಲೋ ಎಂದು ಒದ್ದೆ ನೆಲ ಹೇಳುವುದಿಲ್ಲ. ಏಡಿಯಾದರೆ ಇವತ್ತೇ ಏನಾದರೂ ಮಾಡಬೇಕು. ಹೊಸ ಮಣ್ಣಾದರೆ ಮುಟ್ಟದೆ ಬಿಟ್ಟರೆ ಅದೇ ಗಟ್ಟಿಯಾಗುತ್ತದೆ.

ಬಿಳಿ ಮಚ್ಚೆಯೂ ಆ ಒದ್ದೆ ನೆಲದಂತೆಯೇ. ವಿಕಿರಣವೂ ರಕ್ತನಾಳದ ಗೋಡೆಯನ್ನು ಘಾಸಿಗೊಳಿಸುತ್ತದೆ. ಸತ್ತ ಗಡ್ಡೆಕೋಶಗಳನ್ನು ತೆಗೆಯಲು ಮೈಯ ರಕ್ಷಣಾ ಕೋಶಗಳು ಬರುತ್ತವೆ, ಉರಿಯೂತವಾಗುತ್ತದೆ. ಹಾಗಾಗಿ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿದ ಕಡೆಯಲ್ಲೇ ಸೋರಿಕೆ ಜಾಸ್ತಿಯಾಗಬಹುದು. ಇಲ್ಲಿ ಒಂದು ತಮಾಷೆಯಿದೆ, ಕ್ರೂರ ತಮಾಷೆ ಎನ್ನಿ. ಎಂಜಿಎಂಟಿ ಎಂಬ ಒಂದು ಜೀನ್ ಇದೆ. ಟೆಮೊಜೊಲೊಮೈಡ್ ಮಾಡಿದ ಹಾನಿಯನ್ನು ರಿಪೇರಿ ಮಾಡಿಕೊಳ್ಳಲು ಗಡ್ಡೆಗೆ ನೆರವಾಗುವುದು ಅದೇ. ಕೆಲವರ ಗಡ್ಡೆಯಲ್ಲಿ ಆ ಜೀನ್ ಬಾಯಿ ಮುಚ್ಚಿಕೊಂಡಿರುತ್ತದೆ. ಅಂಥವರಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಹುಸಿ ಬೆಳವಣಿಗೆ ಹೆಚ್ಚಾಗಿ ಕಾಣುವುದೂ ಅವರಲ್ಲೇ. ಅಂದರೆ ಮೊದಲ ಸ್ಕ್ಯಾನ್ ನೋಡಿ ಹೆದರಿ ಮಾತ್ರೆ ನಿಲ್ಲಿಸಿದರೆ, ಯಾರಿಗೆ ಅದು ಕೆಲಸ ಮಾಡುತ್ತಿದೆಯೋ ಅವರಿಗೇ ನಿಲ್ಲಿಸಿದಂತಾಗುವ ಸಂಭವ ಇದೆ.

ಇದನ್ನು ತಡೆಯಲು ಮಿದುಳಿನ ಕ್ಯಾನ್ಸರಿನ ತಜ್ಞರು 2010ರಲ್ಲಿ ರಾನೋ ಎಂಬ ನಿಯಮಾವಳಿ ಮಾಡಿಕೊಂಡರು. ಅದಕ್ಕೂ ಹಿಂದೆ 1990ರ ಮ್ಯಾಕ್‌ಡೊನಾಲ್ಡ್ ನಿಯಮಗಳಿದ್ದವು. ಅವು ಬಿಳಿ ಮಚ್ಚೆಯ ಉದ್ದಗಲ ಅಳೆಯುವುದನ್ನೇ ಹೆಚ್ಚು ನಂಬಿದ್ದವು. ರಾನೋ ಹೇಳಿದ್ದು ಇಷ್ಟು: ವಿಕಿರಣ ಮುಗಿದ ಮೊದಲ 12 ವಾರಗಳಲ್ಲಿ ಮಚ್ಚೆ ದೊಡ್ಡದಾಯಿತು ಎಂದ ಮಾತ್ರಕ್ಕೆ ಗಡ್ಡೆ ಬೆಳೆದಿದೆ ಎಂದು ತೀರ್ಮಾನಿಸಬೇಡಿ. ವಿಕಿರಣ ಬಿದ್ದ ಜಾಗದ ಹೊರಗೆ ಹೊಸದಾಗಿ ಕಂಡರೆ, ಇಲ್ಲವೇ ಬಯಾಪ್ಸಿಯಲ್ಲಿ ಸಿಕ್ಕರೆ ಮಾತ್ರ ಹಾಗೆನ್ನಿ. 2023ರಲ್ಲಿ ನಿಯಮಗಳನ್ನು ತಿದ್ದಿದಾಗ ಇನ್ನೊಂದು ವಿವೇಕದ ಮಾತು ಸೇರಿತು. ಹೋಲಿಕೆಗೆ ಬುನಾದಿಯಾಗಿ ಆಪರೇಷನ್ ಆದಾಗಿನ ಚಿತ್ರ ಬೇಡ, ವಿಕಿರಣ ಮುಗಿದ ಮೇಲಿನ ಚಿತ್ರ ಇಟ್ಟುಕೊಳ್ಳಿ ಎಂಬುದು ಅದು. "ಎಂಟು ವಾರ ಬಿಟ್ಟು ಬನ್ನಿ" ಎಂಬ ಮಾತು ಇಲ್ಲಿಂದ ಬಂದದ್ದು. ಕೇಳುವ ಮಗಳಿಗೆ ಅದು ಜಾರಿಕೊಳ್ಳುವ ಉತ್ತರದಂತೆ ಕಾಣುತ್ತದೆ ಎಂದು ನನಗೆ ಗೊತ್ತು. ವರದಿಯಲ್ಲಿ ಬರೆಯಲು ಅತಿ ಕಷ್ಟದ ವಾಕ್ಯವೂ ಅದೇ.

ಆದರೆ ಕಾಯುವುದು ಪುಕ್ಕಟೆಯಲ್ಲ. ನಿಜವಾಗಿ ಬೆಳೆಯುತ್ತಿದ್ದರೆ ಎಂಟು ವಾರ ಬಹಳ ದೊಡ್ಡ ಅವಧಿ. ಕಾಯದೆ, ಅಥವಾ ಕಾಯುತ್ತಲೇ ಇನ್ನಷ್ಟು ತಿಳಿಯುವುದು ಹೇಗೆ? ಅದಕ್ಕೆ ಈಗ ಕೆಲವು ದಾರಿಗಳಿವೆ, ಮುಂದುವರಿದ ಚಿತ್ರಣ ವಿಧಾನಗಳು ಎನ್ನುವುದು ಅವುಗಳನ್ನೇ.

ಮೊದಲನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ್ದು, ಪರ್ಫ್ಯೂಷನ್. ಔಷಧ ಸೋರಿತೇ ಎಂದು ನೋಡುವ ಬದಲು, ಎಷ್ಟು ರಕ್ತ ಅಲ್ಲಿ ಓಡಾಡುತ್ತಿದೆ ಎಂದು ಅಳೆಯುವುದು. ಅದೇ ಗ್ಯಾಡೋಲಿನಿಯಂ ಅನ್ನು ಈ ಸಲ ಪಂಪಿನಿಂದ ಸೆಕೆಂಡಿಗೆ ನಾಲ್ಕೈದು ಮಿಲಿಲೀಟರಿನಂತೆ ರಭಸವಾಗಿ ಬಿಡುತ್ತಾರೆ. ಒಂದೂವರೆ ಸೆಕೆಂಡಿಗೊಂದರಂತೆ ಇಡೀ ಮಿದುಳಿನ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಔಷಧದ ಅಲೆ ಹಾದುಹೋಗುವ ಕ್ಷಣದಲ್ಲಿ ದನಿ ಕುಸಿಯುತ್ತದೆ, ಮತ್ತೆ ಏರುತ್ತದೆ. ಎಷ್ಟು ಕುಸಿಯಿತು ಎಂಬುದರಿಂದ ಆ ಜಾಗದ ರಕ್ತದ ಪ್ರಮಾಣ ಲೆಕ್ಕಕ್ಕೆ ಸಿಗುತ್ತದೆ. ಬದುಕಿ ಬೆಳೆಯುವ ಗಡ್ಡೆಗೆ ರಕ್ತ ಹೆಚ್ಚು ಬೇಕು. ವಿಕಿರಣದಿಂದ ಬೆಂದ ಜಾಗದಲ್ಲಿ ನಾಳಗಳು ನಾಶವಾಗಿರುವುದರಿಂದ ರಕ್ತ ಕಡಿಮೆ. ಎರಡೂ ಬೆಳ್ಳಗೇ ಕಾಣುವ ಮಚ್ಚೆಗಳು ಪರ್ಫ್ಯೂಷನ್ ನಕ್ಷೆಯಲ್ಲಿ ಒಂದು ಕೆಂಪಾಗಿ, ಇನ್ನೊಂದು ನೀಲಿಯಾಗಿ ಬೇರೆ ಬೇರೆ ನಿಲ್ಲುತ್ತವೆ. ಇಷ್ಟು ಕೇಳಿದರೆ ಸಮಸ್ಯೆ ಬಗೆಹರಿಯಿತು ಅನ್ನಿಸುತ್ತದೆ. ಹಾಗಾಗುವುದಿಲ್ಲ, ಏಕೆಂದರೆ ಹೆಚ್ಚಿನ ಸಲ ಒಂದೇ ಮಚ್ಚೆಯೊಳಗೆ ಎರಡೂ ಬೆರೆತಿರುತ್ತವೆ: ಇಲ್ಲಿ ಸತ್ತ ಅಂಗಾಂಶ, ಪಕ್ಕದಲ್ಲೇ ಚಿಗುರುವ ಗಡ್ಡೆ. ಇನ್ನು ಆ ಅಂಕಿ ಎಷ್ಟರ ಮೇಲಿದ್ದರೆ ಗಡ್ಡೆ ಎನ್ನಬೇಕು ಎಂಬ ಗೆರೆ ಯಂತ್ರದಿಂದ ಯಂತ್ರಕ್ಕೆ, ಲೆಕ್ಕ ಹಾಕುವ ವಿಧಾನದಿಂದ ವಿಧಾನಕ್ಕೆ ಬದಲಾಗುತ್ತದೆ. ಮೈಸೂರಿನಲ್ಲಿ ಬಂದ ಅಂಕಿಯನ್ನು ಮುಂಬೈಯ ಅಂಕಿಯ ಪಕ್ಕದಲ್ಲಿಟ್ಟು ಹೆಚ್ಚಾಯಿತೆಂದು ಹೇಳಲಾಗದು. ಆಲಿಗೊಡೆಂಡ್ರೊಗ್ಲಿಯೋಮಾ ಎಂಬ ಇನ್ನೊಂದು ಬಗೆಯ ಗಡ್ಡೆಯಂತೂ ಸೌಮ್ಯವಾಗಿದ್ದಾಗಲೂ ರಕ್ತ ಹೆಚ್ಚು ಹರಿಸಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತದೆ.

ಎರಡನೆಯದು ಡಿಫ್ಯೂಷನ್, ಜೀವಕೋಶಗಳ ನಡುವೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದು ನೋಡುವುದು. ಕೋಶಗಳು ದಟ್ಟವಾಗಿ ಇಟ್ಟಣಿಸಿದ್ದರೆ ನೀರಿಗೆ ದಾರಿಯಿಲ್ಲ, ಸತ್ತು ಸಡಿಲಾದ ಕಡೆ ದಾರಿ ಅಗಲ. ಇದಕ್ಕೆ ಇಂಜೆಕ್ಷನ್ನೂ ಬೇಡ, ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಇದರ ಒಂದು ಉಪಯೋಗ ಹೆಚ್ಚಿನವರಿಗೆ ಗೊತ್ತಿಲ್ಲದ್ದು, ಅದಕ್ಕೇ ಹೇಳುತ್ತೇನೆ. ಆಪರೇಷನ್ ಆದ ಒಂದೆರಡು ದಿನದೊಳಗೆ ಒಂದು ಎಂಆರ್‌ಐ ತೆಗೆಯಬೇಕು ಎನ್ನುತ್ತಾರೆ. ತಲೆಗೆ ಇನ್ನೂ ಬ್ಯಾಂಡೇಜ್ ಇರುವ ರೋಗಿಯನ್ನು ಯಾಕೆ ಎಳೆದಾಡುತ್ತೀರಿ ಎಂದು ಮನೆಯವರಿಗೆ ಸಿಟ್ಟು ಬರುತ್ತದೆ. ತಡವಾದರೆ ಕೊಯ್ದ ಗಾಯವೇ ಬೆಳ್ಳಗಾಗತೊಡಗುತ್ತದೆ, ಉಳಿದ ಗಡ್ಡೆ ಯಾವುದು, ಗಾಯ ಯಾವುದು ಎಂದು ಗೊತ್ತಾಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಗಡ್ಡೆ ಬಿಡಿಸುವಾಗ ಅಂಚಿನ ಸಣ್ಣ ರಕ್ತನಾಳ ಕೆಲವೊಮ್ಮೆ ಮುಚ್ಚಿಹೋಗಿ ಅಲ್ಲಿ ಚಿಕ್ಕದೊಂದು ಲಕ್ವದ ಜಾಗ ಉಂಟಾಗಿರುತ್ತದೆ. ಆ ದಿನದ ಡಿಫ್ಯೂಷನ್ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಕೆಲವು ವಾರ ಕಳೆದ ಮೇಲೆ ಅದೇ ಜಾಗ ಗ್ಯಾಡೋಲಿನಿಯಂ ಹೀರಿ ಬೆಳ್ಳಗಾಗಿ, ಥೇಟು ಮರುಕಳಿಸಿದ ಗಡ್ಡೆಯಂತೆ ಕಾಣುತ್ತದೆ. ಹಳೆಯ ಡಿಫ್ಯೂಷನ್ ಚಿತ್ರ ಕೈಯಲ್ಲಿದ್ದರೆ ಒಂದೇ ನೋಟದಲ್ಲಿ ಅನುಮಾನ ಬಗೆಹರಿಯುತ್ತದೆ. ಇಲ್ಲದಿದ್ದರೆ ಒಂದು ಮನೆಗೆ ಮನೆಯೇ ಎರಡು ತಿಂಗಳು ನಿದ್ದೆಗೆಡುತ್ತದೆ.

ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಲ್ಲಿ ಚಿತ್ರದ ಬದಲು ಒಂದು ಗೆರೆ ಬರುತ್ತದೆ, ಅದರಲ್ಲಿ ಏರುತಗ್ಗುಗಳು. ಆ ಜಾಗದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಅವು ಹೇಳುತ್ತವೆ. ಕೋಶಗಳು ಭರಾಟೆಯಿಂದ ಹುಟ್ಟುತ್ತಿದ್ದರೆ ಕೋಲೀನ್ ಏರುತ್ತದೆ, ನರಕೋಶ ಸತ್ತರೆ ಎನ್‌ಎಎ ಇಳಿಯುತ್ತದೆ. ಕೇಳಲು ಬಹಳ ಚೆನ್ನ. ಆದರೆ ಒಮ್ಮೆಗೆ ಅಳೆಯುವ ಚೌಕ ದೊಡ್ಡದಾದ್ದರಿಂದ ಗಡ್ಡೆ, ಸತ್ತ ಭಾಗ, ಒಳ್ಳೆಯ ಮಿದುಳು ಎಲ್ಲ ಒಂದೇ ಲೆಕ್ಕದಲ್ಲಿ ಕಲಸಿಹೋಗುತ್ತವೆ. ವರದಿಯಲ್ಲಿ ಇದರ ಗ್ರಾಫ್ ನೋಡಿ ಮನೆಯವರು ಇಂಟರ್ನೆಟ್ಟಿನಲ್ಲಿ ಅರ್ಥ ಹುಡುಕುವುದುಂಟು. ಅದೊಂದನ್ನೇ ನೆಚ್ಚಿ ಯಾರೂ ತೀರ್ಮಾನ ಮಾಡುವುದಿಲ್ಲ ಎಂದು ಅವರಿಗೆ ತಿಳಿಸಬೇಕು.

ಇನ್ನು ಪೆಟ್ ಸ್ಕ್ಯಾನ್. ಬೇರೆ ಅಂಗಗಳ ಕ್ಯಾನ್ಸರಿಗೆ ಬಳಸುವ ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣಶೀಲ ಫ್ಲೋರಿನ್ ಕಟ್ಟಿ ಚುಚ್ಚುತ್ತಾರೆ, ಗಡ್ಡೆ ಸಕ್ಕರೆ ಹೀರಿ ಬೆಳಗುತ್ತದೆ. ಮಿದುಳಿನಲ್ಲಿ ಈ ಉಪಾಯ ಕುಂಟುತ್ತದೆ. ಮೈಗೆ ಬೇಕಾದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಿದುಳೇ ಖರ್ಚು ಮಾಡುವುದರಿಂದ ಒಳ್ಳೆಯ ಮಿದುಳೂ ಸಕ್ಕರೆ ಹೀರಿ ಝಗಝಗಿಸುತ್ತದೆ, ಗಡ್ಡೆ ಆ ಬೆಳಕಿನಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಸಕ್ಕರೆಯ ಬದಲು ಅಮೈನೋ ಆಮ್ಲಗಳನ್ನು ಬಳಸುವುದು. ಗಡ್ಡೆಯ ಕೋಶಗಳು ಪ್ರೋಟೀನ್ ಕಟ್ಟಿಕೊಳ್ಳಲು ಅಮೈನೋ ಆಮ್ಲವನ್ನು ಬಾಚಿ ಬಾಚಿ ಒಳಗೆಳೆದುಕೊಳ್ಳುತ್ತವೆ, ಒಳ್ಳೆಯ ಮಿದುಳು ಅಷ್ಟು ಎಳೆದುಕೊಳ್ಳುವುದಿಲ್ಲ. ಮುಖ್ಯವಾದ ಮಾತೆಂದರೆ ಇದಕ್ಕೆ ರಕ್ತನಾಳದ ಗೋಡೆ ಸೋರಿರಲೇಬೇಕೆಂದಿಲ್ಲ. ಗೋಡೆಯಲ್ಲೇ ಅಮೈನೋ ಆಮ್ಲಕ್ಕೆ ಬಾಗಿಲಿದೆ. ಇಲ್ಲಿಯ ತನಕ ಹೇಳಿದ ಬಿಳಿ ಮಚ್ಚೆಯ ಗೊಂದಲವನ್ನು ಬದಿಗಿಟ್ಟು ಕೋಶಗಳನ್ನೇ ವಿಚಾರಿಸುವ ವಿಧಾನ ಇದು. ಮೆಥಿಯೋನಿನ್, ಎಫ್‌ಇಟಿ, ಎಫ್‌ಡೋಪಾ ಎಂಬ ಮೂರು ವಸ್ತುಗಳು ಹೆಚ್ಚಾಗಿ ಬಳಕೆಯಲ್ಲಿವೆ. ಮೆಥಿಯೋನಿನ್ನಿಗೆ ಕಟ್ಟುವ ಕಾರ್ಬನ್-11ರ ಅರ್ಧಾಯುಷ್ಯ ಬರೀ 20 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಆಸ್ಪತ್ರೆಯ ಅಂಗಳದಲ್ಲೇ ಇರಬೇಕು, ಊರಾಚೆಯಿಂದ ತರಿಸುವ ಹೊತ್ತಿಗೆ ಆವಿಯಾದಂತೆಯೇ ಸರಿ. ಉಳಿದೆರಡರಲ್ಲಿರುವ ಫ್ಲೋರಿನ್-18ಕ್ಕೆ 110 ನಿಮಿಷ, ಆದ್ದರಿಂದ ಅವು ಸ್ವಲ್ಪ ದೂರ ಪ್ರಯಾಣ ಮಾಡಬಲ್ಲವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪೆಟ್ ಮತ್ತು ಎಂಆರ್‌ಐ ಎರಡನ್ನೂ ಒಂದೇ ಮಂಚದ ಮೇಲೆ ಒಟ್ಟಿಗೆ ಮಾಡುವ ಯಂತ್ರವೇ ಇದೆ. ಹಾಗೆಂದು ಅಮೈನೋ ಆಮ್ಲವೂ ದೈವವಾಣಿಯಲ್ಲ. ಉರಿಯೂತವಾದ ಕಡೆ, ಈಗಷ್ಟೇ ಫಿಟ್ಸ್ ಬಂದುಹೋದ ಕಡೆ ಅದೂ ಸ್ವಲ್ಪ ಬೆಳಗುತ್ತದೆ.

ಇದುವರೆಗೆ ಹೇಳಿದ್ದು ಕೆಟ್ಟದ್ದೆಂದು ಕಂಡು ಒಳ್ಳೆಯದಾಗುವ ಚಿತ್ರಗಳ ಕತೆ. ತದ್ವಿರುದ್ಧವೂ ಉಂಟು. ಬೆವಾಸಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಕ್ಕೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆ ಹೊಸ ರಕ್ತನಾಳ ಹುಟ್ಟಿಸಿಕೊಳ್ಳುವ ಸಂದೇಶವನ್ನೇ ಅದು ಕತ್ತರಿಸುತ್ತದೆ. ಕೊಟ್ಟ ಕೆಲವೇ ದಿನಗಳಲ್ಲಿ ಸೋರುವ ನಾಳಗಳು ಮುಚ್ಚಿಕೊಂಡು ಬಿಳಿ ಮಚ್ಚೆ ಮಾಯವಾಗುತ್ತದೆ, ಊತ ಇಳಿಯುತ್ತದೆ, ರೋಗಿ ಎದ್ದು ಕೂತು ಊಟ ಮಾಡುತ್ತಾರೆ. ಮನೆಯಲ್ಲಿ ಹಬ್ಬ. ಆ ಸುಖ ನಿಜವಾದದ್ದು, ಅದನ್ನು ಕಡೆಗಣಿಸಬಾರದು. ಆದರೆ ಗಡ್ಡೆಯ ಕೋಶಗಳು ಅಷ್ಟೇ ಬೇಗ ಸತ್ತಿವೆ ಎಂದಲ್ಲ. ಸೋರಿಕೆ ನಿಂತಿದೆ, ಅಷ್ಟೆ. ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಗಡ್ಡೆ ಆ ಬಿಳಿ ಮಚ್ಚೆಯಿಲ್ಲದೆಯೇ ಹರಡುತ್ತಾ ಹೋಗುವುದು ಕೆಲವೊಮ್ಮೆ ಕಾಣುತ್ತದೆ. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಮೊದಲ ಹಂತದಲ್ಲೇ ಈ ಔಷಧ ಕೊಟ್ಟವರು ಹೆಚ್ಚು ಕಾಲ ಬದುಕಿದ್ದು ಕಂಡುಬರಲಿಲ್ಲ. ಚಿತ್ರ ಮಾತ್ರ ಚೆನ್ನಾಗಿತ್ತು.

ಡೆಕ್ಸಾ ಮಾತ್ರೆಯದೂ ಇಂಥದೇ ಚೇಷ್ಟೆ. ಮಿದುಳಿನ ಗಡ್ಡೆಯಿದ್ದವರ ಮನೆಯಲ್ಲಿ ಈ ಸ್ಟೀರಾಯ್ಡ್ ಎಲ್ಲರಿಗೂ ಗೊತ್ತು. ಇದು ಊತ ಇಳಿಸುತ್ತದೆ, ನಾಳದ ಸೋರಿಕೆಯನ್ನೂ ತಗ್ಗಿಸುತ್ತದೆ. ಸ್ಕ್ಯಾನಿಗೆ ನಾಲ್ಕು ದಿನ ಮೊದಲು ಡೋಸ್ ಏರಿಸಿದ್ದರೆ ಮಚ್ಚೆ ಸಣ್ಣದಾಗಿ ಕಾಣುತ್ತದೆ, ತಾವೇ ಕಡಿಮೆ ಮಾಡಿಕೊಂಡಿದ್ದರೆ ದೊಡ್ಡದಾಗಿ ಕಾಣುತ್ತದೆ. ಯಾವುದನ್ನೂ ಗಡ್ಡೆ ಮಾಡಿದ್ದಲ್ಲ. ಅದಕ್ಕೇ ರಾನೋ ನಿಯಮದಲ್ಲಿ ಚಿತ್ರದ ಅಳತೆಯ ಪಕ್ಕದಲ್ಲೇ ಸ್ಟೀರಾಯ್ಡ್ ಡೋಸು ಎಷ್ಟಿತ್ತು, ರೋಗಿ ಓಡಾಡಿಕೊಂಡು ಹೇಗಿದ್ದಾರೆ ಎಂಬ ಎರಡು ಕಾಲಂ ಇವೆ. ಆ ಎರಡನ್ನು ತುಂಬಲು ಯಂತ್ರದಿಂದಾಗದು. ಅಪ್ಪ ಈಗ ಶರ್ಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರೋ, ಮಾತಿನ ನಡುವೆ ಪದ ಸಿಗದೆ ತಡವರಿಸುವುದು ಹೆಚ್ಚಾಗಿದೆಯೋ, ಬೆಳಗಿನ ಹೊತ್ತು ವಾಂತಿಯಾಗುತ್ತದೋ ಎಂದು ಹೇಳಬೇಕಾದವರು ಮನೆಯವರು. ಮಗಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಡೆಕ್ಸಾ ಎಷ್ಟು ಮಿಲಿಗ್ರಾಂ, ಫಿಟ್ಸ್ ಬಂತೇ ಎಂದು ಬರೆದಿಟ್ಟರೆ, ಅದು ನಮಗೆ ಮುಕ್ಕಾಲು ಪಾಲು ಪರ್ಫ್ಯೂಷನ್ ನಕ್ಷೆಯಷ್ಟು ಬೆಲೆಯದ್ದು.

ಅದೇ ಉಸಿರಿನಲ್ಲಿ ಇನ್ನೊಂದು ಹೇಳಿಬಿಡುತ್ತೇನೆ. ಹಳೆಯ ಸ್ಕ್ಯಾನುಗಳನ್ನು ಎಸೆಯಬೇಡಿ. ಕಪ್ಪು ಫಿಲ್ಮ್ ಮಾತ್ರ ಇಟ್ಟುಕೊಂಡು ಸಿಡಿಯನ್ನು ಕಳೆದುಹಾಕುವವರು ಬಹಳ. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳಿರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತವೆ. ಆದಷ್ಟು ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಒಂದು ಸಲ ದಾವಣಗೆರೆಯಲ್ಲಿ 1.5 ಟೆಸ್ಲಾ, ಇನ್ನೊಂದು ಸಲ ಬೆಂಗಳೂರಿನಲ್ಲಿ 3 ಟೆಸ್ಲಾ, ಬೇರೆ ದಪ್ಪದ ಪದರ, ತಲೆ ಬೇರೆ ಓರೆಯಲ್ಲಿ ಎಂದಾದರೆ, ಎರಡು ಮಿಲಿಮೀಟರ್ ವ್ಯತ್ಯಾಸ ಗಡ್ಡೆಯದೋ ಯಂತ್ರದ್ದೋ ಎಂದು ಹೇಳುವುದೇ ಕಷ್ಟ. ಈಗ ಗಡ್ಡೆಯ ಗಾತ್ರವನ್ನು ತಾನೇ ಗೆರೆ ಹಾಕಿ ಅಳೆಯುವ ಕಂಪ್ಯೂಟರ್ ತಂತ್ರಾಂಶಗಳು ಬಂದಿವೆ. 2012ರಿಂದ ಬ್ರ್ಯಾಟ್ಸ್ ಎಂಬ ಸ್ಪರ್ಧೆಯೇ ನಡೆಯುತ್ತಿದೆ, ಯಾರ ತಂತ್ರಾಂಶ ಗಡ್ಡೆಯ ಅಂಚನ್ನು ಚೆನ್ನಾಗಿ ಗುರುತಿಸುತ್ತದೆ ಎಂದು. ಒಳ್ಳೆಯ ಕೆಲಸ, ಅಳತೆಯಲ್ಲಿ ನಮ್ಮ ಕೈಗಿಂತ ಅದು ಸ್ಥಿರ. ಆದರೆ ಹಿಂದಿನ ಚಿತ್ರವೇ ಇಲ್ಲದವರಿಗೆ ಅದೂ ಏನು ಮಾಡೀತು.

ನಿಧಾನವಾಗಿ ಬೆಳೆಯುವ ಗಡ್ಡೆಗಳಲ್ಲಿ ಹಳೆಯ ಚಿತ್ರದ ಬೆಲೆ ಇನ್ನೂ ಹೆಚ್ಚು. ಐಡಿಎಚ್ ಎಂಬ ಜೀನಿನಲ್ಲಿ ಬದಲಾವಣೆಯಿರುವ ಕೆಳದರ್ಜೆಯ ಗ್ಲಿಯೋಮಾಗಳು ಹೆಚ್ಚಾಗಿ 30, 40ರ ವಯಸ್ಸಿನವರಲ್ಲಿ ಕಾಣಿಸುತ್ತವೆ. ಈ ಬದಲಾವಣೆ ಗೊತ್ತಾದದ್ದು 2008ರಲ್ಲಿ. ಹೆಚ್ಚಿನವಕ್ಕೆ ಬಿಳಿ ಮಚ್ಚೆಯೇ ಇರುವುದಿಲ್ಲ, ಫ್ಲೇರ್ ಚಿತ್ರದಲ್ಲಿ ಮಾತ್ರ ಕಾಣುತ್ತವೆ. ಚಿಕಿತ್ಸೆ ಕೊಡದೆ ಬಿಟ್ಟರೆ ಇವುಗಳ ಅಡ್ಡಳತೆ ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಪ್ರತಿ ಸಲ ಹಿಂದಿನ ಸ್ಕ್ಯಾನಿಗೆ ಮಾತ್ರ ಹೋಲಿಸಿದರೆ 1 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಅದು ಕಣ್ಣಿಗೆ ಹಿಡಿಸುವುದಿಲ್ಲ. "ಬದಲಾವಣೆ ಇಲ್ಲ" ಎಂಬ ವರದಿಗಳು ಸಾಲಾಗಿ ಬರುತ್ತವೆ, ಐದು ವರ್ಷದಲ್ಲಿ ಗಡ್ಡೆ 2 ಸೆಂಟಿಮೀಟರಿನಷ್ಟು ಹೆಚ್ಚು ಅಗಲವಾಗಿರುತ್ತದೆ. ಎಲ್ಲ ವರದಿಗಳೂ ಪ್ರಾಮಾಣಿಕ, ಎಲ್ಲವೂ ಸೇರಿ ಸುಳ್ಳು. ಇಂಥ ಗಡ್ಡೆಗಳಿಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಬೆಳವಣಿಗೆಯನ್ನು ನಿಧಾನಿಸುತ್ತದೆ ಎಂದು ತೋರಿಸಿದ್ದೂ ಸಾಲು ಸಾಲು ಸ್ಕ್ಯಾನುಗಳನ್ನು ಒಂದರ ಪಕ್ಕ ಒಂದಿಟ್ಟು ಅಳೆದೇ.

ನಮ್ಮಲ್ಲಿ ಎಂಆರ್‌ಐ ಈಗ ಅಪರೂಪದ ವಸ್ತುವಲ್ಲ, ಆದರೆ ಅಗ್ಗವೂ ಅಲ್ಲ. ಮೂರು ತಿಂಗಳಿಗೊಮ್ಮೆ ಎಂದರೆ ಸಣ್ಣ ಹಿಡುವಳಿಯ ರೈತನ ಮನೆಗೆ ಭಾರವೇ, ಅದರ ಮೇಲೆ ಬಸ್ಸು, ಊಟ, ಒಂದು ದಿನದ ಕೂಲಿ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಎಂಬ ಸಂಸ್ಥೆ ನಮ್ಮ ದೇಶದಲ್ಲೇ 1.5 ಟೆಸ್ಲಾದ ಎಂಆರ್‌ಐ ಯಂತ್ರವನ್ನು ಕಟ್ಟಿದೆ, 2023ರಲ್ಲಿ ಅದು ಸಾರ್ವಜನಿಕವಾಗಿ ಬಿಡುಗಡೆಯಾಯಿತು. ಇಂಥವು ಜಿಲ್ಲಾ ಆಸ್ಪತ್ರೆಗಳಿಗೆ ಬಂದರೆ ಒಳ್ಳೆಯದು. ಜೊತೆಗೆ ಪರ್ಫ್ಯೂಷನ್ ಮಾಡಲು ಬೇಕಾದ ಪಂಪು, ಅದನ್ನು ಓದಬಲ್ಲವರೂ ಬರಬೇಕು. ಯಂತ್ರವೊಂದೇ ಬಂದು ಕೂತರೆ ಬಿಳಿ ಮಚ್ಚೆಯ ಚಿತ್ರಗಳು ಮಾತ್ರ ಹೆಚ್ಚುತ್ತವೆ.

ಕೊನೆಗೆ ಕೇಳುಗರ ಪತ್ರಗಳಲ್ಲಿ ಬರುವ ಎರಡು ಪ್ರಶ್ನೆ. ಪದೇ ಪದೇ ಎಂಆರ್‌ಐ ಮಾಡಿಸಿದರೆ ಮಿದುಳಿಗೆ ಹಾನಿಯೇ? ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಆ ಭಯ ಬೇಡ. ಪೆಟ್ ಸ್ಕ್ಯಾನಿನಲ್ಲಿ ಸ್ವಲ್ಪ ವಿಕಿರಣ ಇದೆ, ಅದಕ್ಕೇ ಅದನ್ನು ಬೇಕಾದಾಗ ಮಾತ್ರ ಬಳಸುತ್ತಾರೆ. ಗ್ಯಾಡೋಲಿನಿಯಂ ಇಂಜೆಕ್ಷನ್ನಿನ ಭಯ? ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಹಳೆಯ ಬಗೆಯ ಕೆಲವು ಔಷಧಗಳಿಂದ ಚರ್ಮ ಬಿಗಿದು ಗಟ್ಟಿಯಾಗುವ ಗಂಭೀರ ತೊಂದರೆ ಆದದ್ದುಂಟು. ಹಾಗಾಗಿ ಸ್ಕ್ಯಾನಿಗೆ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ. ಗ್ಯಾಡೋಲಿನಿಯಂ ಅನ್ನು ಇನ್ನೂ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಹೊಸ ಬಗೆಯ ಔಷಧಗಳು ಈಗ ಹೆಚ್ಚು ಬಳಕೆಯಲ್ಲಿವೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ತಲೆಯೊಳಗೆ ಕ್ಲಿಪ್ ಇದ್ದರೆ ಚೀಟಿ ಬರೆಸಿಕೊಳ್ಳುವಾಗಲೇ ಹೇಳಿ, ಮಂಚದ ಮೇಲೆ ಮಲಗಿದ ಮೇಲೆ ನೆನಪಿಸಿಕೊಳ್ಳುವುದು ಬೇಡ. ಕಾಲುಂಗುರ, ಮೂಗುತಿ, ಮಾಂಗಲ್ಯದ ಸರ ಮನೆಯಲ್ಲೇ ಬಿಚ್ಚಿಟ್ಟು ಬಂದರೆ ಅನುಕೂಲ. ಬರುವಾಗ ಹಳೆಯ ಸಿಡಿಗಳ ಚೀಲ ಮಾತ್ರ ಮರೆಯಬೇಡಿ, ಅದರಲ್ಲೂ ಆಪರೇಷನ್ನಿಗೆ ಮುಂಚಿನ ಮೊದಲ ಸಿಡಿ.